ಹಡಗು ಹತ್ತಿದ ಬೀಗರು ಊಟಕ್ಕೆ ಏಳಲಿಲ್ಲ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದ ವಾರ. ಹುಟ್ಟಿದಾಗಿನಿಂದ ಕಾವೇರಿಯನ್ನೇ ದೊಡ್ಡ ನೀರು ಎಂದು ನಂಬಿಕೊಂಡಿದ್ದ ನಾನು ಸಮುದ್ರದ ಮೇಲೆ ಮೂರು ರಾತ್ರಿ ಕಳೆದು ಬಂದೆ. ಊರಿನವರು ಈಗಲೂ ಸಿಕ್ಕಿದಲ್ಲಿ ನಿಲ್ಲಿಸಿ, "ಹಡಗು ಹೆಂಗಿತ್ತಕ್ಕ?" ಎಂದು ಕೇಳುತ್ತಾರೆ. ಹಡಗೇನೋ ಚೆನ್ನಾಗಿಯೇ ಇತ್ತು. ಆದರೆ ಮೊದಲ ಒಂದು ದಿನ ನಾನು ಹಡಗನ್ನು ಸರಿಯಾಗಿ ನೋಡಲೇ ಇಲ್ಲ. ನಮ್ಮ ಬೀಗರು ಉಂಡರೋ ಇಲ್ಲವೋ ಎಂಬುದನ್ನೇ ನೋಡುತ್ತಿದ್ದೆ.

ನಮ್ಮದು ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರು. ಯಜಮಾನರು ವ್ಯವಸಾಯ ಮಾಡುತ್ತಾರೆ. ನಾನು ಊರಿನ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುತ್ತೇನೆ. ಒಬ್ಬಳೇ ಮಗಳು, ಪವಿತ್ರ. ಅವಳನ್ನು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಕಡೆಯ ಚಿಕ್ಕಸ್ವಾಮಿಗೌಡರ ಮಗ ಮಹೇಶನಿಗೆ ಕೊಟ್ಟಿದ್ದೇವೆ. ಅಳಿಯ ಪಾಂಡವಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ. ಗಂಡ ಹೆಂಡತಿ ಅಲ್ಲೇ ಮನೆ ಮಾಡಿಕೊಂಡು ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದೆ ಇದ್ದದ್ದು ಬೀಗರಾದ ನಾವು.

ಮದುವೆಯಾದ ಮೂರನೇ ದಿನ ನಮ್ಮ ಮನೆಯಲ್ಲಿ ಬೀಗರ ಊಟ. ನಮ್ಮ ಕಡೆ ಒಂದು ಪದ್ಧತಿ ಇದೆ. ಅಡುಗೆ ಎಷ್ಟೇ ಘಮಘಮ ಅನ್ನಲಿ, ಬೀಗರು ತಾವಾಗಿ ಎದ್ದು ಬಂದು ಎಲೆಯ ಮುಂದೆ ಕೂರುವುದಿಲ್ಲ. ಮನೆಯ ಯಜಮಾನ ಅವರು ಕೂತಲ್ಲಿಗೆ ಹೋಗಿ, "ಏಳಿ ಬೀಗ್ರೆ, ಊಟಕ್ಕೆ" ಅನ್ನಬೇಕು. ಅವರು "ಇರ್ಲಿ ಬುಡಿ, ಈಗೇನು ಅವಸರ" ಅನ್ನಬೇಕು. ಇವರು ಕೈ ಹಿಡಿದು ಎಬ್ಬಿಸಬೇಕು. ಗಂಡಸರನ್ನು ಗಂಡಸರು, ಹೆಂಗಸರನ್ನು ಹೆಂಗಸರು ಕರೆಯಬೇಕು. ಅವತ್ತು ಬೀಗಿತ್ತಿ ಸಾಕಮ್ಮನವರನ್ನು ನಾನು ಕರೆದು ಕೂರಿಸಿದೆ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಬೀಗರನ್ನು ಮಾತ್ರ ಯಾರೂ ಕರೆಯಲಿಲ್ಲ.

ಯಾಕೆಂದರೆ ಕರೆಯಬೇಕಾದ ನಮ್ಮ ಯಜಮಾನರು ಮೊಸರು ತರಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಕಳಿಸಿದವಳು ನಾನು. "ಬೀಗ್ರನ್ನ ಎಬ್ಬಿಸ್ಬುಟ್ಟು ಹೋಗ್ತೀನಿ ಕಣೆ" ಎಂದು ಅವರು ಹೇಳಿದರು. "ಬೀಗ್ರು ಎಲ್ಲಿ ಓಡೋಗ್ತಾರೆ? ಮೊದ್ಲು ಮೊಸರು ತನ್ನಿ" ಎಂದದ್ದು ನಾನೇ. ಹಾಲಿನ ಡೇರಿಯವಳ ಮನೆಯಲ್ಲಿ ಮೊಸರು ಸಾಲದೆ ಬಂದರೆ ಮಾನ ಉಳಿಯುತ್ತದೆಯೇ? ಆದರೆ ಬೀಗರು ಓಡಿಯೇ ಹೋದರು. ಮೂರು ಗಂಟೆಯವರೆಗೆ ಕಾದು, ಹೆಗಲ ಮೇಲಿನ ಶಲ್ಯ ಕೊಡವಿಕೊಂಡು, ಉಣ್ಣದೆ ಊರಿಗೆ ಹೊರಟರು. ಎಲ್ಲರೂ ನಮ್ಮ ಯಜಮಾನರನ್ನು ಬೈದರು. ಅವರು ಒಬ್ಬರ ಮುಂದೆಯೂ ನನ್ನ ಹೆಸರು ಎತ್ತಲಿಲ್ಲ. ನಾನೂ ಸುಮ್ಮನಿದ್ದೆ. ಆ ಸುಮ್ಮನಿರುವಿಕೆ ಎರಡು ವರ್ಷ ನನ್ನ ಎದೆಯಲ್ಲಿ ಮುಳ್ಳಿನಂತೆ ಇತ್ತು.

ಅಂದಿನಿಂದ ಬೀಗರು ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. "ಕರೀದಿರೋ ಮನೇಲಿ ಉಣ್ಣೋ ಗತಿ ನಂಗಿನ್ನೂ ಬಂದಿಲ್ಲ" ಎಂಬುದು ಅವರ ಮಾತು. "ಕರೆದು ಉಣ್ಸಾಕೆ ಅವ್ರೇನು ತೊಟ್ಲು ಮಗುವಾ?" ಎಂಬುದು ಇವರ ಮಾತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ರಾಜಿ ಮಾಡಿಸುತ್ತೇನೆಂದು ನಾಗಮಂಗಲದ ನಮ್ಮ ಭಾವ ಬಂದರು. ಎರಡೂ ಮನೆಯಲ್ಲಿ ಚೆನ್ನಾಗಿ ಉಂಡರು, "ಇಬ್ರದೂ ನ್ಯಾಯನೇ" ಎಂದು ಹೇಳಿ ಹೊರಟರು. ಆಮೇಲೆ ಅಳಿಯ ನಾಲ್ಕೂ ಜನರನ್ನು ಒಂದೇ ಕಾರಿನಲ್ಲಿ ಕೂರಿಸಿಕೊಂಡು ಮೇಲುಕೋಟೆಗೆ ಹೊರಟ. ಪಾಂಡವಪುರ ದಾಟುವ ಮೊದಲೇ ಅದೇ ಹಳೆಯ ಮಾತು ಬಂತು. ಬೀಗರು ಕಾರು ನಿಲ್ಲಿಸಿ ಇಳಿದು, ಎದುರಿಗೆ ಬಂದ ಬಸ್ಸು ಹತ್ತಿಬಿಟ್ಟರು.

ಈ ಹೊತ್ತಿಗೆ ಪವಿತ್ರ ನಾಲ್ಕು ತಿಂಗಳ ಬಸುರಿ. ಏಳರಲ್ಲಿ ನಮ್ಮ ಮನೆಯಲ್ಲಿ ಸೀಮಂತ ಎಂದು ಮಾತಾಗಿತ್ತು. ಒಂದು ದಿನ ಅವಳು ನನ್ನನ್ನು ಕೂರಿಸಿಕೊಂಡು, "ಅಮ್ಮ, ಸೀಮಂತದ ದಿನ ನಮ್ಮ ಮಾವ ಉಣ್ದೆ ಎದ್ದೋದ್ರೆ ನಾನು ಬಾಣಂತನಕ್ಕೆ ನಿಮ್ಮನೆಗೆ ಬರಲ್ಲ. ಪಾಂಡವಪುರದಲ್ಲೇ ಇರ್ತೀನಿ" ಎಂದಳು. ನನ್ನ ಜೀವವೇ ಹೋದಂತಾಯಿತು. ಒಬ್ಬಳೇ ಮಗಳ ಬಾಣಂತನ ಮಾಡದೆ ನಾನು ಇನ್ಯಾತಕ್ಕೆ ಬದುಕಿರಬೇಕು?

ಅವಳೇ ಉಪಾಯವನ್ನೂ ಹೇಳಿದಳು. "ಮುಂಬೈಯಿಂದ ಒಂದು ದೊಡ್ಡ ಹಡಗು ಹೋಗುತ್ತೆ. ಮೂರು ರಾತ್ರಿ. ನೀವು ನಾಕು ಜನಾನೂ ಹೋಗ್ಬನ್ನಿ. ಬಸ್ಸು ಸಿಗದಿರೋ ಜಾಗ ಅಂದ್ರೆ ಸಮುದ್ರ ಒಂದೇ." ಅವಳಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳೂ ಅಳಿಯನೂ ಬರುವಂತಿರಲಿಲ್ಲ. ಬೀಗರು ಒಪ್ಪುತ್ತಾರೆಯೇ ಎಂದು ನನಗೆ ಅನುಮಾನವಿತ್ತು. ನನ್ನ ಮಗಳು ಜಾಣೆ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಅದರ ಮೇಲೆ ಹಡಗಿನ ಟಿಕೆಟ್ ಇಟ್ಟು, ಮಾವನ ಕಾಲಿಗೆ ನಮಸ್ಕಾರ ಮಾಡಿ ಕರೆದಳು. ಅಷ್ಟು ಕ್ರಮವಾಗಿ ಕರೆದ ಮೇಲೆ ಅವರು ಇಲ್ಲ ಅನ್ನುವವರಲ್ಲ.

ಹಡಗು ಎಂದರೆ ದೋಣಿಯ ಅಣ್ಣ ಇರಬಹುದು ಎಂದುಕೊಂಡಿದ್ದೆ. ಬಂದರಿನಲ್ಲಿ ನಿಂತಿದ್ದದ್ದು ಬಿಳೀ ಬಣ್ಣದ ಅಪಾರ್ಟ್‌ಮೆಂಟು. ಮಹಡಿ ಎಣಿಸಲು ಹೋಗಿ ಹನ್ನೊಂದಕ್ಕೆ ಕುತ್ತಿಗೆ ನೋಯಿತು. "ಇದು ತೇಲ್ತದೇನೇ?" ಎಂದು ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು. ಒಳಗೆ ಬಿಡುವ ಮೊದಲು ಏರ್‌ಪೋರ್ಟಿನಂತೆ ಚೀಲಗಳನ್ನು ಮೆಷಿನ್ನಿನಲ್ಲಿ ಹಾಕಿ ನೋಡಿದರು. ಮನೆಯಲ್ಲಿ ಮಾಡಿದ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಸಾಕಮ್ಮನವರ ಒಂದು ಡಬ್ಬಿ ಕೋಡುಬಳೆ, ಒಂದು ಡಬ್ಬಿ ರವೆಉಂಡೆ ಅಲ್ಲೇ ಉಳಿದವು. ಆಗ ನಾವು ಯಾರೂ ಅದನ್ನು ದೊಡ್ಡ ವಿಷಯ ಎಂದುಕೊಳ್ಳಲಿಲ್ಲ.

ಒಳಗೆ ಕಾಲಿಟ್ಟರೆ ಸಮುದ್ರವೇ ಕಾಣಿಸುವುದಿಲ್ಲ! ನಾಲ್ಕು ಮಹಡಿ ಎತ್ತರದ ತೆರೆದ ಹಜಾರ, ಮೇಲಿನಿಂದ ಇಳಿಬಿದ್ದ ಗಾಜಿನ ದೀಪದ ಗೊಂಚಲು, ಗಾಜಿನ ಲಿಫ್ಟು, ಚಿನ್ನದ ಬಣ್ಣದ ಕಂಬಿಯ ಮೆಟ್ಟಿಲು, ಮೂಲೆಯಲ್ಲಿ ಪಿಯಾನೊ ಬಾರಿಸುವವನು, ಸುತ್ತ ವಾಚು ಸೆಂಟಿನ ಅಂಗಡಿಗಳು. ಎಲ್ಲ ಮಹಡಿಯಲ್ಲೂ ಕಾಲು ಹೂತುಹೋಗುವಂಥ ಜಮಖಾನೆ. ಸಮುದ್ರ ನೋಡಲು ಬಂದವರಿಗೆ ಸಮುದ್ರವನ್ನು ಮರೆಸಲು ಇವರು ಇಷ್ಟು ಕಷ್ಟಪಟ್ಟಿದ್ದಾರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಮೇಲಿನ ಮಹಡಿಗೆ ಹೋದರೆ ಅಲ್ಲಿ ಈಜುಕೊಳ. ಸಮುದ್ರದ ಮೇಲೆ ಹಡಗು, ಹಡಗಿನ ಮೇಲೆ ಕೊಳ, ಕೊಳದ ಸುತ್ತ ಕಿವಿ ಗಡಚಿಕ್ಕುವ ಹಾಡು, ಚಡ್ಡಿ ಹಾಕಿಕೊಂಡು ಕುಣಿಯುತ್ತಿದ್ದ ನನ್ನ ವಯಸ್ಸಿನ ಹೆಂಗಸರು. ಯಜಮಾನರು ಆ ಕಡೆ ನೋಡದೆ ಬಹಳ ಶ್ರದ್ಧೆಯಿಂದ ಸಮುದ್ರ ನೋಡಿದರು.

ರೂಮುಗಳು ಎಂಟನೇ ಮಹಡಿಯಲ್ಲಿ. ಒಬ್ಬರದು ಹೆಚ್ಚು, ಒಬ್ಬರದು ಕಡಿಮೆ ಆಗಬಾರದೆಂದು ಮಗಳು ಎರಡನ್ನೂ ಒಂದೇ ಥರದ್ದು ನೋಡಿ ಹಿಡಿದಿದ್ದಳು. ನಮ್ಮದು ಹಡಗಿನ ಎಡಬದಿ, ಅವರದು ಸರಿಯಾಗಿ ಎದುರಿಗೆ ಬಲಬದಿ. ಎರಡು ಬದಿಗೂ ಒಂದೊಂದು ಉದ್ದನೆಯ ಓಣಿ, ಶ್ರೀರಂಗಪಟ್ಟಣದ ರೈಲ್ವೆ ಪ್ಲಾಟ್‌ಫಾರ್ಮಿನಷ್ಟು ಉದ್ದ. ಅದೇ ಜಮಖಾನೆ, ಅದೇ ದೀಪ, ಅದೇ ಬಾಗಿಲು. ಬಾಗಿಲಿಗೆ ಬೀಗದ ಕೈ ಇಲ್ಲ, ಕಾರ್ಡು. ಕಳೆದುಹೋದರೆ ಕಳ್ಳರಿಗೆ ತಿಳಿಯಬಾರದೆಂದು ಕಾರ್ಡಿನ ಮೇಲೆ ರೂಮಿನ ನಂಬರನ್ನೂ ಬರೆದಿರುವುದಿಲ್ಲ. "ನಂಬರ್ ನೆನಪಿಟ್ಕೊಳ್ಳಿ" ಎಂದೆ. "ನಂಬರ್ ಯಾಕೆ? ಲಿಫ್ಟು ಇಳಿದು ಹನ್ನೆರಡ್ನೇ ಬಾಗ್ಲು. ತೆಂಗಿನ ಮರ ಎಣಿಸಾಕಿಲ್ವಾ ನಾನು?" ಎಂದರು ಯಜಮಾನರು.

ಮಧ್ಯಾಹ್ನದ ಊಟಕ್ಕೆ ಹನ್ನೊಂದನೇ ಮಹಡಿಗೆ ಹೋದೆವು. ಬೀಗರೂ ಸಾಕಮ್ಮನವರೂ ನಮಗಿಂತ ಹತ್ತು ಹೆಜ್ಜೆ ಹಿಂದೆ. ಗಾಜಿನ ಗೋಡೆಯ ದೊಡ್ಡ ಹಾಲ್. ದೋಸೆ, ಬಿರಿಯಾನಿ, ಜೈನರ ಊಟ, ಚೈನಾದವರ ಊಟ, ಕೇಕು, ಐಸ್‌ಕ್ರೀಂ, ಒಂದೊಂದಕ್ಕೂ ಒಂದೊಂದು ಕಟ್ಟೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನಾದರೂ ಒಂದು ಇದ್ದೇ ಇರುತ್ತದೆ. ಬಾಗಿಲಲ್ಲಿ ಒಬ್ಬ ಹುಡುಗಿ ನಗುತ್ತಾ ಎಲ್ಲರ ಅಂಗೈಗೂ ಸ್ಯಾನಿಟೈಸರ್ ಚಿಮುಕಿಸುತ್ತಿದ್ದಳು. ಬೀಗರ ಕೈಗೂ ಚಿಮುಕಿಸಿದಳು. ಅವರು ಕೈ ಒರೆಸಿಕೊಂಡು ಗೋಡೆಯ ಪಕ್ಕ ನಿಂತರು. ನಾನು ತಟ್ಟೆ ಹಿಡಿದು ಅನ್ನದ ಕಟ್ಟೆಗೆ ಹೋಗಿ ತಿರುಗಿ ನೋಡಿದರೆ ಇನ್ನೂ ನಿಂತೇ ಇದ್ದಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಇಲ್ಲ.

ಸ್ವಲ್ಪ ಹೊತ್ತಿಗೆ ಸಾಕಮ್ಮನವರು ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು. "ಕೋಪ ಮಾಡ್ಕೊಂಡು ರೂಮ್‌ಗೋದ್ರು ಬೀಗಿತ್ತಿ. 'ಕೈ ತೊಳ್ಸುದ್ರು, ಎಲೆ ತೋರಿಸ್ಲಿಲ್ಲ. ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತ್ಕಳಾಕೆ ನಾನೇನು ಭಿಕ್ಷಕ್ಕೆ ಬಂದಿದ್ದೀನಾ' ಅಂತಾರೆ."

"ನೀವು ಕೂತ್ಕೊಳ್ಳಿ, ಊಟ ಮಾಡಿ" ಎಂದೆ.

"ನೀವು ಕರೆದ್ರಲ್ಲ, ಅಷ್ಟು ಸಾಕು ಬುಡಿ" ಎಂದು ಅವರು ಕೂತರು. ಎರಡು ಮಸಾಲೆ ದೋಸೆ, ಸ್ವಲ್ಪ ಬಿರಿಯಾನಿ, ಮೂರು ಬಣ್ಣದ ಐಸ್‌ಕ್ರೀಂ ತಿಂದರು. ಪದ್ಧತಿಯ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಯಜಮಾನರ ಕಡೆ ನೋಡಿದೆ. "ಹೋಗಿ ಒಂದು ಮಾತು ಕರೀರಿ" ಎಂದೆ.

"ನಾನ್ಯಾಕೆ ಕರೀಲಿ? ಹಡಗು ನಂದಾ?" ಎಂದರು.

ಅದೂ ನಿಜವೇ. ಹಡಗಿನ ಯಜಮಾನ ಯಾರು? ಕ್ಯಾಪ್ಟನ್. ಅವನು ಬಂದು "ಏಳಿ ಬೀಗ್ರೆ" ಅನ್ನುತ್ತಾನೆಯೇ?

ಸಾಯಂಕಾಲ ಹಡಗು ಹೊರಡುವ ಮುಂಚೆ ಇನ್ನೊಂದು ಪಜೀತಿ ಆಯಿತು. ಅಪಾಯ ಬಂದರೆ ಏನು ಮಾಡಬೇಕೆಂದು ತೋರಿಸುವ ಅಭ್ಯಾಸ ಇರುತ್ತದೆ, ಎಲ್ಲರೂ ಬರಲೇಬೇಕು. ಸೀಟಿ ಊದಿದ ಮೇಲೆ ಸಿಬ್ಬಂದಿಯವರು ಒಂದೊಂದೇ ಬಾಗಿಲು ಬಡಿದು, ಕೈ ತೋರಿಸಿ, "ಪ್ಲೀಸ್ ಸರ್, ಕಮ್ ಸರ್" ಎಂದು ಕರೆದರು. ನಾವು ಹೋಗಿ ನಿಂತ ಸ್ವಲ್ಪ ಹೊತ್ತಿಗೆ ಬೀಗರು ಬಂದರು. ಬಿಳೀ ಪಂಚೆ, ಜರಿಯ ಶಲ್ಯ, ಹಣೆಗೆ ಕುಂಕುಮ. ಮುಖದಲ್ಲಿ ಗೆದ್ದ ಕಳೆ. ನೋಡಿದ ತಕ್ಷಣ ನನಗೆ ಅರ್ಥವಾಯಿತು, ಅವರು ಕೊನೆಗೂ ಊಟಕ್ಕೆ ಕರೆದರು ಎಂದುಕೊಂಡಿದ್ದಾರೆ! ಅಯ್ಯೋ ದೇವರೇ ಎಂದು ತಲೆ ತಗ್ಗಿಸಿದೆ. ಮುಂದೆ ನಿಂತ ಹುಡುಗ ಕೇಸರಿ ಬಣ್ಣದ ತೇಲುವ ಜಾಕೆಟ್ ತೋರಿಸಿದ, ಸೀಟಿ ಊದುವುದು ತೋರಿಸಿದ, ಎಲ್ಲರ ಕಾರ್ಡು ಮುಟ್ಟಿಸಿಕೊಂಡ, "ಥ್ಯಾಂಕ್ಯೂ" ಎಂದು ಕಳಿಸಿಬಿಟ್ಟ.

ಬೀಗರು ನಮ್ಮ ಪಕ್ಕವೇ ಹಾದು ಹೋದರು. "ನೋಡ್ದಾ ಸಾಕಿ? ಒಬ್ರು ಕರೆಯಾಕಿಲ್ಲ. ಇನ್ನೊಬ್ರು ಬಾಗ್ಲು ಬಡಿದು ಕರೆದು ಬರಿಹೊಟ್ಟೇಲಿ ಕಳಿಸ್ತಾರೆ" ಎಂದು ನಮಗೆ ಕೇಳಿಸುವಂತೆ ಹೇಳಿದರು. ಯಜಮಾನರು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ನನಗೂ ನಗು ಬಂತು, ಆದರೆ ಉಪವಾಸ ಇರುವವರನ್ನು ನೋಡಿ ಪಾಪ ಎನಿಸಿತು.

ರಾತ್ರಿ ಊಟಕ್ಕೂ ಅವರು ಬರಲಿಲ್ಲ. ನಾನು ರೂಮಿನ ಫೋನಿನಿಂದ ಕರೆ ಮಾಡಿ, "ಬೀಗ್ರೆ, ಊಟಕ್ಕೆ ಬನ್ನಿ" ಎಂದೆ. "ಹೆಂಗಸ್ರು ಕರುದ್ರೆ ಹೆಂಗಸ್ರು ಬತ್ತಾರೆ" ಎಂದು ಫೋನನ್ನು ಸಾಕಮ್ಮನವರ ಕೈಗೆ ಕೊಟ್ಟರು. ಸಾಕಮ್ಮನವರು ಬಂದು ಉಂಡರು. ಮಗಳಿಗೆ ಹೇಳೋಣವೆಂದರೆ ಸಮುದ್ರದ ಮಧ್ಯೆ ನಮ್ಮ ಮೊಬೈಲಿಗೆ ಸಿಗ್ನಲ್ ಇಲ್ಲ.

ಮರುದಿನ ಇಡೀ ದಿನ ಹಡಗು ನಿಲ್ಲುವುದಿಲ್ಲ, ಬರೀ ನೀರು. ಬೆಳಿಗ್ಗೆ ತಿಂಡಿಗೆ ಸಾಕಮ್ಮನವರು ಒಬ್ಬರೇ ಬಂದರು. ಈ ಸಲ ಅವರ ಮುಖ ಬಾಡಿತ್ತು. "ಬಿಪಿ ಮಾತ್ರೆ ಊಟ ಆದ್ಮೇಲೆ ತಕ್ಕಬೇಕು, ನೆನ್ನೆಯಿಂದ ತಕ್ಕಂಡಿಲ್ಲ. ಬಾಳೆಹಣ್ಣು ಸೆರಗಲ್ಲಿ ಕಟ್ಕೊಂಡೋಗಿ ಕೊಟ್ರೆ, 'ಕದ್ದು ತಂದ್ಯಾ' ಅಂತ ಬೈದ್ರು. ರೂಮಲ್ಲಿ ಕಾಫಿ ಮಾಡ್ಕೊಳಾಕೆ ಅಂತ ಸಕ್ಕರೆ ಪೊಟ್ಟಣ ಇಟ್ಟವ್ರೆ ನೋಡಿ, ಅದನ್ನ ಬಿಸಿನೀರಿಗಾಕ್ಕೊಂಡು ಕುಡೀತಾ ಕೂತವ್ರೆ." ಅವರ ಕಣ್ಣಲ್ಲಿ ನೀರು ಬಂತು. ತಮಾಷೆ ಎಲ್ಲ ಅಲ್ಲಿಗೆ ಮುಗಿಯಿತು. ನಡುಸಮುದ್ರದಲ್ಲಿ ಬೀಗರು ತಲೆ ತಿರುಗಿ ಬಿದ್ದರೆ ಮಗಳಿಗೆ ಯಾವ ಮುಖ ತೋರಿಸಲಿ? ಸೀಮಂತ ಎಲ್ಲಿ, ಬಾಣಂತನ ಎಲ್ಲಿ?

ಯಜಮಾನರಿಗೆ ಕೈ ಮುಗಿದೆ. "ಅವತ್ತು ಮೊಸರಿಗೆ ಕಳಿಸಿದ್ದು ನಾನು ಅಂತ ನಾನೇ ಹೋಗಿ ಹೇಳ್ಬುಡ್ತೀನಿ" ಎಂದೆ. "ನೀನ್ ಸುಮ್ನಿರು. ಎರಡು ವರ್ಷ ನಾನ್ ಅನ್ನಿಸ್ಕೊಂಡಿದ್ದು ನೀರಲ್ಲಿ ಮಾಡಿದ ಹೋಮ ಆಗ್ಬೇಕಾ?" ಎಂದು ಗದರಿದರು. ಕರೆಯಲು ಮಾತ್ರ ಒಪ್ಪಲಿಲ್ಲ. ಆಮೇಲೆ ಸಾಕಮ್ಮನವರನ್ನೂ ಕರೆದುಕೊಂಡು ಕೆಳಗಿನ ಹಜಾರದಲ್ಲಿ ಕೂತೆವು. ಅಲ್ಲಿ ಎ.ಸಿ. ಜೋರಾಗಿತ್ತು. ನನಗೆ ಚಳಿಯಾಗಿ, ರೂಮಿನಿಂದ ಶಾಲು ತಂದುಕೊಡಿ ಎಂದೆ. ಕಾರ್ಡು ತೆಗೆದುಕೊಂಡು ಹೋದರು.

ಹತ್ತು ನಿಮಿಷ ಆಯಿತು. ಅರ್ಧ ಗಂಟೆ ಆಯಿತು. ಪಿಯಾನೊದವನು ಬಾರಿಸುವುದು ನಿಲ್ಲಿಸಿ ಟೀ ಕುಡಿದು ಬಂದು ಮತ್ತೆ ಶುರು ಮಾಡಿದ. ಮುಕ್ಕಾಲು ಗಂಟೆಯ ಮೇಲೆ ಗಾಜಿನ ಲಿಫ್ಟು ಮೇಲಿನಿಂದ ಇಳಿಯುತ್ತಾ ಬಂತು. ಅದರೊಳಗೆ ಇಬ್ಬರು ಗಂಡಸರು. ಒಬ್ಬರು ನಮ್ಮ ಯಜಮಾನರು. ಇನ್ನೊಬ್ಬರು ಬಿಳೀ ಪಂಚೆ, ಜರಿಯ ಶಲ್ಯ. ಯಜಮಾನರು ಅವರ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದುಕೊಂಡಿದ್ದರು. ನಾನು ಕೂತಲ್ಲಿಂದ ಎದ್ದು ನಿಂತೆ. ಪಕ್ಕದಲ್ಲಿದ್ದ ಸಾಕಮ್ಮನವರು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಎರಡು ದಿನ ನೋವಿತ್ತು.

"ಬೀಗ್ರನ್ನ ಊಟಕ್ಕೆ ಕರ್ಕಂಡೋಗ್ತಾ ಇದ್ದೀನಿ. ನೀವೂ ಬನ್ನಿ" ಎಂದು ಯಜಮಾನರು ಗತ್ತಿನಿಂದ ಹೇಳಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ದಾರಿ ತಪ್ತು ಕಣೆ, ಯಾರಿಗೂ ಹೇಳ್ಬೇಡ" ಎಂದರು.

ಪೂರ್ತಿ ಕಥೆ ತಿಳಿದದ್ದು ರೂಮಿಗೆ ಬಂದ ಮೇಲೆ. ಇವರು ಲಿಫ್ಟಿನ ಆ ಬದಿಯ ಬಾಗಿಲಲ್ಲಿ ಇಳಿದಿದ್ದಾರೆ. ಎಡ ಬಲ ಆಗಿದೆ. ತೆಂಗಿನ ಮರ ಎಣಿಸುವಂತೆ ಹನ್ನೆರಡು ಬಾಗಿಲು ಎಣಿಸಿ ಕಾರ್ಡು ತೂರಿಸಿದರೆ ಕೆಂಪು ದೀಪ. ತಪ್ಪಿತೇನೋ ಎಂದು ವಾಪಸ್ ಲಿಫ್ಟಿನವರೆಗೆ ಹೋಗಿ ಮತ್ತೆ ಎಣಿಸಿಕೊಂಡು ಬಂದರೆ ಮತ್ತೆ ಅದೇ ಬಾಗಿಲು, ಮತ್ತೆ ಕೆಂಪು ದೀಪ. ಕೊನೆಗೆ, ನಾನೇ ಬೇರೆ ದಾರಿಯಲ್ಲಿ ರೂಮಿಗೆ ಬಂದಿರಬಹುದೆಂದು ಬಾಗಿಲು ಬಡಿದಿದ್ದಾರೆ. ಬಾಗಿಲು ತೆರೆದು ನಿಂತವರು ಬನಿಯನ್ ಹಾಕಿಕೊಂಡಿದ್ದ ಬೀಗರು.

"ಏನ್ ಬೀಗ್ರೆ?" ಎಂದರಂತೆ ಅವರು.

"ಅವ್ರನ್ನ ಕಂಡ್ಮೇಲೆ ತಿಳೀತು ಕಣೆ, ಅದು ನಮ್ಮ ರೂಮಲ್ಲ ಅಂತ. ದಾರಿ ತಪ್ತು ಅಂತ ಹೇಳಿ ಬಂದ್ಬುಡಾನ ಅನ್ಕೊಂಡೆ. ಅಷ್ಟ್ರಲ್ಲಿ ಒಳಗಡೆ ಮೇಜಿನ ಮೇಲೆ ಕಣ್ಣೋಯ್ತು. ಹರಿದಾಕಿರೋ ಸಕ್ಕರೆ ಪೊಟ್ಟಣ, ಏಳೋ ಎಂಟೋ. ಸಾಲಾಗಿ ಜೋಡ್ಸವ್ರೆ. ನಾವು ಇಲ್ಲಿ ಬಿರಿಯಾನಿ ತಿಂದು ತೇಗ್ತಾ ಇದ್ವಲ್ಲ ಅನ್ನಿಸ್ತು. 'ಏಳಿ ಬೀಗ್ರೆ, ಊಟಕ್ಕೆ' ಅಂದ್ಬುಟ್ಟೆ."

"ನಿಂತಿದ್ದೋರಿಗೆ ಏಳಿ ಅಂದ್ರಾ?"

"ಅವ್ರು ಒಳಗೋಗಿ ಮಂಚದ ಮೇಲೆ ಕೂತ್ಕೊಂಡ್ರು ಕಣೆ. ಕೂತ್ಕೊಂಡು, 'ಇರ್ಲಿ ಬುಡಿ, ಈಗೇನು ಅವಸರ' ಅಂದ್ರು."

ಒಂದು ಹಗಲು ಒಂದು ರಾತ್ರಿ ಸಕ್ಕರೆ ನೀರು ಕುಡಿದುಕೊಂಡಿದ್ದ ಮನುಷ್ಯ "ಈಗೇನು ಅವಸರ" ಎಂದರಂತೆ! ನಾನು ಹಾಸಿಗೆಯ ಮೇಲೆ ಬಿದ್ದು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ನೀರು ಬಂದ ಮೇಲೆ ಅದು ನಗುವೋ ಅಳುವೋ ನನಗೇ ಗೊತ್ತಾಗಲಿಲ್ಲ. ಯಜಮಾನರು ಒಳಗೆ ಹೋಗಿ ಕೈ ಹಿಡಿದು ಎಬ್ಬಿಸಿದರಂತೆ. ಅಂಗಿ ತೊಟ್ಟು ಬಂದರಂತೆ.

ಆ ದಿನದ ಊಟವನ್ನು ಹಡಗಿನವರೂ ಮರೆತಿರಲಾರರು. ಬೀಗರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತರು, ನಮ್ಮ ಯಜಮಾನರು ಒಂದೊಂದೇ ಕಟ್ಟೆಗೆ ಹೋಗಿ ತಂದು ಬಡಿಸಿದರು. ಇಡ್ಲಿಯ ಪಕ್ಕ ನೂಡಲ್ಸು, ನೂಡಲ್ಸಿನ ಪಕ್ಕ ಜಿಲೇಬಿ, ಅದರ ಮೇಲೆ ಮೀನು. "ಇನ್ನೊಂದು ಇಕ್ಸ್ಕಳಿ ಬೀಗ್ರೆ." "ಬ್ಯಾಡ ಬುಡಿ ಬೀಗ್ರೆ." "ನಮ್ಮ ಮೇಲೆ ಆಣೆ." ಒಬ್ಬ ವೇಟರ್ ಹುಡುಗ ಸಹಾಯ ಮಾಡಲು ಬಂದು, ಒಬ್ಬ ಮುದುಕ ಇನ್ನೊಬ್ಬ ಮುದುಕನ ತಟ್ಟೆಗೆ ಬಲವಂತವಾಗಿ ಕೇಕು ಹಾಕುವುದನ್ನು ಕಂಡು ಜಗಳವೆಂದು ಹೆದರಿ ತನ್ನ ಮೇಲಿನವರನ್ನು ಕರೆದುಕೊಂಡು ಬಂದ. ಅವರಿಗೆ ನಾನು ಹೇಗೆ ತಿಳಿಸಲಿ? "ಫ್ಯಾಮಿಲಿ, ಫ್ಯಾಮಿಲಿ" ಎಂದು ನಕ್ಕೆ.

ಅಲ್ಲಿಂದ ಮುಂದೆ ಗಂಡಸರಿಬ್ಬರೂ ಒಂದೇ ಜೋಡಿ. ಪ್ರತಿ ಊಟಕ್ಕೂ ಇವರು ಆ ಬಾಗಿಲಿಗೆ ಹೋಗಿ ಕರೆಯುವುದು, ಅವರು "ಈಗೇನು ಅವಸರ" ಅನ್ನುವುದು, ಇಬ್ಬರೂ ಒಟ್ಟಿಗೆ ದಾರಿ ತಪ್ಪಿಸಿಕೊಂಡು ಅರ್ಧ ಗಂಟೆ ತಡವಾಗಿ ಬರುವುದು. ನಾನೂ ಸಾಕಮ್ಮನವರೂ ಆಗ ನಿಧಾನವಾಗಿ ಹಡಗು ನೋಡಿದೆವು. ಸಾಕಮ್ಮನವರ ಹಾಸಿಗೆಯ ಮೇಲೆ ರೂಮಿನ ಹುಡುಗ ಟವೆಲಿನಲ್ಲಿ ಆನೆ ಮಾಡಿಟ್ಟಿದ್ದ. ಅದನ್ನು ಬಿಚ್ಚಲು ಮನಸ್ಸು ಬಾರದೆ ಅವರು ಮೂರು ದಿನವೂ ಸೀರೆಯಲ್ಲೇ ಮೈ ಒರೆಸಿಕೊಂಡರು. ಗೋವಾ ಬಂದಾಗ ಎಲ್ಲರೂ ಇಳಿದು ಊರು ನೋಡಲು ಹೋದರು. ನಮ್ಮ ಗಂಡಸರು ಇಳಿಯಲೇ ಇಲ್ಲ. ಹನ್ನೆರಡೂವರೆಗೆ ಊಟವಂತೆ.

ಊರಿಗೆ ಬಂದ ಮೇಲೂ ನನ್ನ ಎದೆಯಲ್ಲಿ ಒಂದು ಅಳುಕು ಇದ್ದೇ ಇತ್ತು. ಹಡಗು ನಮ್ಮದಲ್ಲ. ಸೀಮಂತ ನಮ್ಮ ಮನೆಯಲ್ಲಿ. ಅಲ್ಲಿ ಏನಾಗುತ್ತದೋ?

ಮೂರು ತಿಂಗಳಿಗೆ ಸೀಮಂತ ಬಂತು. ಮತ್ತೆ ಅದೇ ಅಂಗಳ, ಅದೇ ಶಾಮಿಯಾನ. ಬೀಗರು ಬಂದು ಸರಿಯಾಗಿ ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಗಳಿಗೆ ಬಳೆ ತೊಡಿಸಿ, ಆರತಿ ಎತ್ತಿ, ಎಲೆ ಹಾಕುವ ಹೊತ್ತಿಗೆ ನಾಗಮಂಗಲದ ಭಾವ ಫೋನ್ ಮಾಡಿದರು. ಹೈವೇಯಲ್ಲಿ ಬಸ್ಸು ಇಳಿದು ನಿಂತಿದ್ದಾರಂತೆ, ಕರೆದುಕೊಂಡು ಹೋಗಬೇಕಂತೆ. "ಬೇಗ ಹೋಗಿ ಬನ್ನಿ" ಎಂದು ಯಜಮಾನರನ್ನು ಕಳಿಸಿದೆ. ಗಾಡಿಯ ಸದ್ದು ದೂರವಾದ ಮೇಲೆ ಏನು ಮಾಡಿದೆ ಎಂದು ಹೊಳೆಯಿತು. ಕಳಿಸಿದವಳು ಮತ್ತೆ ನಾನೇ! ಇಷ್ಟಾದರೂ ಬುದ್ಧಿ ಬರಲಿಲ್ಲ. ಹೊರಗೆ ಮೊದಲ ಪಂಕ್ತಿ ಕೂರುತ್ತಿತ್ತು. ಪವಿತ್ರ ಬಳೆ ತುಂಬಿದ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮಾವನ ಕುರ್ಚಿಯನ್ನೇ ನೋಡುತ್ತಿದ್ದಳು. ನಾನು ಅಡುಗೆಮನೆಗೆ ಓಡಿ, ಯಾರನ್ನು ಕಳಿಸಲಿ, ಏನು ಮಾಡಲಿ ಎಂದು ಮೊಸರಿನ ಪಾತ್ರೆ ಹಿಡಿದುಕೊಂಡು ನಿಂತುಬಿಟ್ಟೆ.

ಬಾಗಿಲಲ್ಲಿ ನೆರಳು ಬಿತ್ತು. ಶಲ್ಯ ಸರಿಮಾಡಿಕೊಳ್ಳುತ್ತಾ ಬೀಗರು ನಿಂತಿದ್ದರು.

"ಎಲೆ ಹಾಕ್ಸಿ ಬೀಗಿತ್ತಿ. ನನ್ನ ಕರೆಯೋರು ಇವತ್ತೂ ಎಲ್ಲೋ ದಾರಿ ತಪ್ಪವ್ರೆ ಅಂತ ಕಾಣ್ತದೆ. ನಾನೇ ಬಂದೆ."

'ಇವತ್ತೂ' ಎಂದದ್ದು ಕಿವಿಗೆ ಬಿದ್ದು ನಾನು ಬೆಪ್ಪಾಗಿ ನೋಡಿದೆ. "ನಿಮಗೆ ಗೊತ್ತಿತ್ತಾ ಬೀಗ್ರೆ?"

"ಆ ಬಾಗ್ಲಲ್ಲಿ ಕಣ್ಣಿಟ್ಟು ನೋಡಾಕೆ ಒಂದು ಸಣ್ಣ ಗಾಜು ಇತ್ತಲ್ಲವ್ವಾ. ಸದ್ದಾಯ್ತು ಅಂತ ನೋಡ್ದೆ. ಕಾರ್ಡು ತೂರಿಸ್ತಾರೆ, ಬರಲ್ಲ. ವಾಪಸ್ ಹೋಗ್ತಾರೆ, ಬೆರಳು ಮಡಚಿ ಎಣಿಸ್ಕಂಡು ಮತ್ತೆ ಬತ್ತಾರೆ. ತಮ್ಮ ರೂಮು ಅನ್ಕೊಂಡವ್ರೆ ಅಂತ ಆಗ್ಲೇ ತಿಳೀತು. ನಗು ತಡ್ಕೊಂಡು ಒಳಗೆ ನಿಂತಿದ್ದೆ."

"ಮತ್ತೆ ಎದ್ದು ಬಂದ್ರಲ್ಲ?"

"ಬಂದಿದ್ದು ದಾರಿ ತಪ್ಪಿ. 'ಏಳಿ' ಅಂದಿದ್ದು ದಾರಿ ತಪ್ಪಿ ಅಲ್ಲ ಕಣವ್ವಾ."

ನನಗೆ ತಡೆಯಲಾಗಲಿಲ್ಲ. "ಅವತ್ತು ಬೀಗರ ಊಟದ ದಿನ ಅವರನ್ನ ಮೊಸರು ತರಾಕೆ ಕಳಿಸಿದ್ದು ನಾನು ಬೀಗ್ರೆ. ಅವರದೇನೂ ತಪ್ಪಿಲ್ಲ" ಎಂದುಬಿಟ್ಟೆ. ಎರಡು ವರ್ಷದಿಂದ ಕೂತಿದ್ದ ಮುಳ್ಳು ಹೊರಗೆ ಬಂತು. ಬೀಗರು ನನ್ನ ಕೈಯಲ್ಲಿದ್ದ ಪಾತ್ರೆಯನ್ನು ನೋಡಿದರು.

"ಅವತ್ತಿಂದು ಮೊಸರು ಭಾರಿ ಚೆನ್ನಾಗಿತ್ತು ಅಂತ ಎಲ್ರೂ ಹೇಳುದ್ರು. ನಂಗೆ ಸಿಗ್ಲಿಲ್ಲ. ಇವತ್ತು ಎರಡು ಸಲ ಇಕ್ಕಿ" ಎಂದರು.

ಯಜಮಾನರು ಭಾವನನ್ನು ಕರೆದುಕೊಂಡು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ ಬೀಗರು ಪಂಕ್ತಿಯ ಮೊದಲನೇ ಎಲೆಯಲ್ಲಿ ಕೂತಿದ್ದರು. ಅಂಗಳದ ಬಾಗಿಲಲ್ಲಿ ಕಲ್ಲಾಗಿ ನಿಂತ ಇವರನ್ನು ನೋಡಿ ಪಕ್ಕದ ಖಾಲಿ ಎಲೆ ತೋರಿಸಿ, "ಬನ್ನಿ ಬೀಗ್ರೆ, ಊಟಕ್ಕೆ" ಎಂದು ಅವರೇ ಕರೆದರು. ನಮ್ಮ ಮನೆಯಲ್ಲಿ, ನಮ್ಮ ಯಜಮಾನರನ್ನು! ಪವಿತ್ರ ಜೋರಾಗಿ ನಕ್ಕಳು. ಅವಳು ಬಾಣಂತನಕ್ಕೆ ನಮ್ಮ ಮನೆಗೇ ಬಂದಳು. ಮೊಮ್ಮಗಳಿಗೆ ಈಗ ಒಂದೂವರೆ ವರ್ಷ ತುಂಬುತ್ತಾ ಬಂತು.

ಒಂದು ಮಾತು ಬಾಯಿಬಿಟ್ಟು ಹೇಳಲು ನನಗೆ ಎರಡು ವರ್ಷವೂ ಒಂದು ಹಡಗೂ ಬೇಕಾಯಿತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಬಾಗಿಲ ಗಾಜಿನ ವಿಷಯವನ್ನು ಯಜಮಾನರಿಗೆ ನಾನು ಇನ್ನೂ ಹೇಳಿಲ್ಲ. ಹಡಗಿನಲ್ಲಿ ಬೀಗರನ್ನು ತಾವೇ ಹುಡುಕಿಕೊಂಡು ಹೋಗಿ ಕರೆದದ್ದು ಎಂದು ಅವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಬೀಗರು ಎದುರಿಗೆ ಕೂತು "ಹೌದೌದು, ನೇರವಾಗಿ ನಮ್ಮ ಬಾಗ್ಲಿಗೇ ಬಂದ್ರು" ಎಂದು ತಲೆಯಾಡಿಸುತ್ತಾರೆ. ನಾನು ಒಳಗೆ ಹೋಗಿ ಅವರಿಗೆ ಇನ್ನೊಂದು ಸೌಟು ಮೊಸರು ತಂದು ಬಡಿಸುತ್ತೇನೆ.